ಡಬ್ಲಿನ್ ಗ್ರಂಥಾಲಯದಲ್ಲಿ ನೋಡಿದ್ದನ್ನು ನಮ್ಮ ಹನ್ನೊಂದು ಅಡಿ ಕೋಣೆಯಲ್ಲಿ ಮಾಡಬಹುದಾ?

ಲೆಕ್ಕದಕ್ಕ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಚಿಕ್ಕದು, ಪೀಠಿಕೆ ಉದ್ದ. ಕಾಫಿ ಇಟ್ಟುಕೊಂಡು ಓದಿ.

ನಾನು ಮೂವತ್ತೊಂದು ವರ್ಷ ಇಲ್ಲಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆದವಳು. ಕೆಲಸ ಬಿಟ್ಟ ಮೇಲೆ ನಾವು ಆರು ಜನ ಹೆಂಗಸರು ಸೇರಿ ನಮ್ಮೂರಿನದೇ ವಿಜಯಪುರ ಬಡಾವಣೆಯ ಹತ್ತಿರ ಒಂದು ವಾಚನಾಲಯ ನಡೆಸುತ್ತಿದ್ದೇವೆ. ಕೋಣೆ 11 ಅಡಿ ಅಗಲ, 18 ಅಡಿ ಉದ್ದ. ಎರಡು ಬೀರು, 640 ಪುಸ್ತಕ, ಒಂದು ಉದ್ದನೆ ಮೇಜು, ಒಂಬತ್ತು ಕುರ್ಚಿ. ಅದರಲ್ಲಿ ಒಂದು ಕುರ್ಚಿಯ ಕಾಲು ಅಲ್ಲಾಡುತ್ತದೆ. ದಿನಕ್ಕೆ ಹದಿನಾಲ್ಕು ಹದಿನೈದು ಜನ ಬರುತ್ತಾರೆ. ಮುಕ್ಕಾಲು ಪಾಲು ಪೇಪರ್ ಓದುವುದಕ್ಕೆ.

ಮಗಳು ಐರ್ಲೆಂಡಿನ ಡಬ್ಲಿನ್‌ನಲ್ಲಿ ನರ್ಸ್. 2019ರ ಜೂನ್‌ನಲ್ಲಿ ಅವಳ ಬಾಣಂತನಕ್ಕೆ ಹೋಗಿ ಮೂರು ತಿಂಗಳು ಇದ್ದೆ. ಬೆಳಿಗ್ಗೆ ಎಣ್ಣೆ ಸ್ನಾನ, ಸಾಂಬ್ರಾಣಿ, ಮೆಂತ್ಯದ ಗಂಜಿ ಎಲ್ಲ ಮುಗಿಸಿ, ಮಧ್ಯಾಹ್ನ ಅಳಿಯ ಮಗುವನ್ನು ಎತ್ತಿಕೊಂಡರೆ ನನಗೆ ಮೂರು ಗಂಟೆ ರಜೆ. ಅಂಗಡಿಗೆ ಹೋದರೆ ಎಲ್ಲದರ ಬೆಲೆಯನ್ನೂ ರೂಪಾಯಿಗೆ ತಿರುಗಿಸಿ ಲೆಕ್ಕ ಹಾಕುವ ಚಾಳಿ ನನ್ನದು. ಹಾಗಾಗಿ ದುಡ್ಡು ಕೇಳದ ಜಾಗ ಹುಡುಕಿದೆ. ಕಿಲ್ಡೇರ್ ಸ್ಟ್ರೀಟ್‌ನಲ್ಲಿ ಅವರ ರಾಷ್ಟ್ರೀಯ ಗ್ರಂಥಾಲಯ ಸಿಕ್ಕಿತು. ಟಿಕೆಟ್ ಎಷ್ಟು ಎಂದು ಪರ್ಸ್ ತೆಗೆದರೆ, ಏನೂ ಇಲ್ಲ, ಒಳಗೆ ಬನ್ನಿ ಎಂದರು. ನಾನು ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಗ್ರಂಥಾಲಯ ಶುರುವಾಗಿದ್ದು 1877ರಲ್ಲಿ, ಈಗಿನ ಕಟ್ಟಡ ತೆರೆದದ್ದು 1890ರಲ್ಲಿ. ನಮ್ಮನ್ನು ಸುತ್ತಾಡಿಸಲು ಒಬ್ಬ ಹುಡುಗಿ ಬಂದಳು. ಮೇಲೆ ದೊಡ್ಡ ಗುಮ್ಮಟದ ಕೆಳಗೆ ಓದುವ ಕೋಣೆ, ಮೇಜುಗಳ ಮೇಲೆ ಹಸಿರು ದೀಪ. ಬಾಗಿಲಲ್ಲಿ ನಿಂತು ಇಣುಕಿದೆವು. ಜೇಮ್ಸ್ ಜಾಯ್ಸ್ ಅವರ 'ಯುಲಿಸಿಸ್' ಕಾದಂಬರಿಯ ಒಂದು ಅಧ್ಯಾಯ ಇದೇ ಕಟ್ಟಡದಲ್ಲಿ ನಡೆಯುತ್ತದಂತೆ. 1904ರ ಜೂನ್ 16ರಂದು ಒಬ್ಬ ತರುಣ ಇಲ್ಲಿ ಕೂತು ಗ್ರಂಥಪಾಲಕರ ಜೊತೆ ಹ್ಯಾಮ್ಲೆಟ್ ಬಗ್ಗೆ ವಾದ ಮಾಡುತ್ತಾನೆ. ಆ ಗ್ರಂಥಪಾಲಕರೂ ಕಟ್ಟುಕಥೆ ಅಲ್ಲ. ಆಗ ಅಲ್ಲಿ ನಿಜವಾಗಿ ಕೆಲಸದಲ್ಲಿದ್ದವರನ್ನೇ ಜಾಯ್ಸ್ ಹೆಸರು ಸಮೇತ ಪುಸ್ತಕಕ್ಕೆ ಎಳೆದುಕೊಂಡಿದ್ದಾರೆ. ನಾನು ಹೋದ ಹೊಸದರಲ್ಲೇ ಆ ದಿನ ಬಂತು. ಬೀದಿ ತುಂಬ ಹುಲ್ಲಿನ ಟೋಪಿ ಹಾಕಿದ ಗಂಡಸರು, ಹಳೇ ಕಾಲದ ಉದ್ದ ಲಂಗದ ಹೆಂಗಸರು. ಯಾವ ದೇವರ ಜಾತ್ರೆ ಎಂದು ಅಳಿಯನನ್ನು ಕೇಳಿದೆ. ಕಾದಂಬರಿಯ ಜಾತ್ರೆ ಅತ್ತೆ ಎಂದ. (ಆಮೇಲೆ ಆ ಪುಸ್ತಕ ತಂದು ನಲವತ್ತು ಪುಟ ಓದಿ ವಾಪಸ್ ಕೊಟ್ಟೆ. ಸುಮ್ನೆ ಸುಳ್ಳು ಯಾಕೆ ಹೇಳಲಿ.)

ಅದೇ ಕಟ್ಟಡದಲ್ಲಿ ಯೇಟ್ಸ್ ಕವಿಯ ಪ್ರದರ್ಶನ ಇತ್ತು. 2006ರಿಂದ ನಡೆಯುತ್ತಿದ್ದದ್ದು. ಮಬ್ಬು ಬೆಳಕು, ಪದ್ಯ ಓದುವ ದನಿ, ಕೂರಲು ಬೆಂಚು. ಇನ್ನಿಸ್‌ಫ್ರೀ ದ್ವೀಪದ ಪದ್ಯ ಅಲ್ಲಿ ಕೇಳಿದೆ. ಲಂಡನ್ನಿನ ಬೀದಿಯಲ್ಲಿ ನಡೆಯುವಾಗ ಅಂಗಡಿಯ ಕಿಟಕಿಯಲ್ಲಿ ಒಂದು ಸಣ್ಣ ಕಾರಂಜಿ ಕಂಡು, ಆ ನೀರಿನ ಸದ್ದಿಗೆ ಅವರಿಗೆ ಊರಿನ ಕೆರೆ ನೆನಪಾಯಿತಂತೆ. ಅಲ್ಲಿಗೆ ಹೋಗಿ ಗುಡಿಸಲು ಕಟ್ಟಿ ಒಂಬತ್ತು ಸಾಲು ಹುರುಳಿ ಹಾಕುತ್ತೇನೆ ಎಂದು ಕವಿ ಬರೆಯುತ್ತಾರೆ. ಒಂಬತ್ತೇ ಯಾಕೆ, ಎಂಟು ಹತ್ತು ಯಾಕಲ್ಲ? ಲೆಕ್ಕದವಳಿಗೆ ಇಂಥವೇ ತಲೆಯಲ್ಲಿ ಕೂರುತ್ತವೆ.

ನನ್ನ ಮನಸ್ಸಿಗೆ ಜಾಸ್ತಿ ಹತ್ತಿದ್ದು ಶೇಮಸ್ ಹೀನಿ ಎಂಬ ಇನ್ನೊಬ್ಬ ಐರಿಷ್ ಕವಿಯ ಪ್ರದರ್ಶನ. ಅದು ಬೇರೆ ಕಡೆ, ಟ್ರಿನಿಟಿ ಕಾಲೇಜಿನ ಎದುರು, ಹಳೇ ಪಾರ್ಲಿಮೆಂಟ್ ಆಗಿದ್ದು ಆಮೇಲೆ ಬ್ಯಾಂಕ್ ಆದ ಕಟ್ಟಡದಲ್ಲಿ. ಹೀನಿ 2011ರಲ್ಲಿ ತಮ್ಮ ಕಾಗದಪತ್ರವನ್ನೆಲ್ಲ ಗ್ರಂಥಾಲಯಕ್ಕೆ ಕೊಟ್ಟುಬಿಟ್ಟಿದ್ದರು. ಎರಡು ವರ್ಷಕ್ಕೆ ತೀರಿಕೊಂಡರು. ಗಾಜಿನ ಕೆಳಗೆ ಅವರ ಕರಡುಗಳು. ಹೊಡೆದು ಹಾಕಿದ ಸಾಲು, ಅದರ ಮೇಲೆ ಇನ್ನೊಂದು, ಅದನ್ನೂ ಹೊಡೆದದ್ದು. ಕ್ಯೂರಿಂಗ್‌ನಲ್ಲಿ ಲೆಡ್ಜರ್ ಪುಟದಲ್ಲಿ ಒಂದು ಅಂಕೆ ಹೊಡೆದರೆ ಪಕ್ಕದಲ್ಲಿ ಸಹಿ ಹಾಕಬೇಕಿತ್ತು, ಮೂರು ಹೊಡೆದರೆ ಮೇಲಿನವರು ಕರೆಯುತ್ತಿದ್ದರು. ಇಲ್ಲಿ ನೊಬೆಲ್ ಬಂದವರು ಇಷ್ಟೊಂದು ಹೊಡೆದಿದ್ದಾರೆ, ಅದನ್ನೇ ದೀಪ ಹಾಕಿ ತೋರಿಸುತ್ತಿದ್ದಾರೆ! ಮೂರು ಸಲ ಹೋಗಿ ನೋಡಿದೆ.

ನಾಲ್ಕನೆಯದು ಫೋಟೋ. ಟೆಂಪಲ್ ಬಾರ್ ಎಂಬ ಕಡೆ ಗ್ರಂಥಾಲಯದ್ದೇ ಫೋಟೋ ಸಂಗ್ರಹ ಬೇರೆ ಇದೆ. ವಿಲಿಯಂ ಲಾರೆನ್ಸ್ ಎಂಬ ಅಂಗಡಿಯವರ ಸುಮಾರು 40,000 ಗಾಜಿನ ನೆಗೆಟಿವ್ ಗ್ರಂಥಾಲಯದ ಹತ್ತಿರ ಇವೆ. ಹೆಚ್ಚಿನವನ್ನು ತೆಗೆದವರು ರಾಬರ್ಟ್ ಫ್ರೆಂಚ್. ಮೊದಲು ಪೊಲೀಸ್ ಕೆಲಸದಲ್ಲಿದ್ದವರಂತೆ. 1916ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಈಸ್ಟರ್ ದಂಗೆಯಲ್ಲಿ ಆ ಸ್ಟುಡಿಯೋ ಲೂಟಿಯಾಗಿ ಸುಟ್ಟುಹೋಯಿತು. ಜನರ ಮುಖದ ಫೋಟೋಗಳೆಲ್ಲ ಅಲ್ಲಿದ್ದವು, ಹೋದವು. ಊರು, ಬೀದಿ, ಸೇತುವೆಗಳ ನೆಗೆಟಿವ್ ಬೇರೆ ಕಡೆ ಇಟ್ಟಿದ್ದರು, ಉಳಿದವು. ಇದನ್ನು ಹೇಳಿದ ಅಲ್ಲಿನವರೊಬ್ಬರು ಸ್ವಂತ ಮನೆ ಸುಟ್ಟ ಹಾಗೆ ಹೇಳಿದರು.

ಟ್ರಿನಿಟಿಯ ಕೆಲ್ಸ್ ಗ್ರಂಥವನ್ನೂ ನೋಡಿದೆ, ಚಿತ್ರ ತುಂಬಿದ ಕೈಬರಹದ ಬೈಬಲ್ ಭಾಗ ಅದು. ಕ್ರಿ.ಶ. 800ರ ಸುಮಾರಿನದು, ಕರುವಿನ ಚರ್ಮದ ಮೇಲೆ ಬರೆದದ್ದು, ಬಣ್ಣ ಇನ್ನೂ ಮಾಸಿಲ್ಲ. ಅದಕ್ಕೆ ಟಿಕೆಟ್ ಉಂಟು. ಜನ ಎಷ್ಟೆಂದರೆ ಎರಡು ನಿಮಿಷ ನೋಡು, ಮುಂದೆ ನಡಿ. ತಿರುಪತಿ ದರ್ಶನವೇ ಸೈ.

ಇದೆಲ್ಲ 2019ರ ಮಾತು. ಈಗ ಹೋಗುವವರು ಯಾವುದು ನಡೆಯುತ್ತಿದೆ ಎಂದು ವಿಚಾರಿಸಿಕೊಂಡು ಹೋಗಿ.

ಈಗ ಪ್ರಶ್ನೆ. ನಮ್ಮ ಕೋಣೆಯಲ್ಲಿ ಎರಡು ದಿನ ಐರ್ಲೆಂಡ್ ಸಾಹಿತ್ಯ, ಇತಿಹಾಸ, ಫೋಟೋಗಳ ಒಂದು ಪುಟ್ಟ ಪ್ರದರ್ಶನ ಮಾಡಬೇಕೆಂದಿದ್ದೇನೆ. ಕೈಯಲ್ಲಿ ಇರುವುದು 8,000 ರೂಪಾಯಿ. ದೊಡ್ಡ ಹಾಲ್ ಇರುವ ಒಂದು ಕಡೆ ಕೇಳಿದ್ದೆ. ನಾಲ್ಕು ತಿಂಗಳು ಅರ್ಜಿ ಇಟ್ಟುಕೊಂಡು, ಹೊರದೇಶದ ವಿಷಯಕ್ಕೆ ಇಲ್ಲಿ ಯಾರು ಬರುತ್ತಾರಮ್ಮ ಎಂದು ವಾಪಸ್ ಕೊಟ್ಟರು. ಹೊರಗಿನ ಸಣ್ಣ ಕಿಟಕಿಯಲ್ಲಿ, ನಿಂತುಕೊಂಡೇ. ಅವರು ಹೇಳಿದ್ದು ನಿಜ ಇರಬಹುದಾ? ಬಂದವರು ಒಂದು ಗಳಿಗೆಯಾದರೂ ನಿಲ್ಲಬೇಕಾದರೆ ಏನು ಇಡಬೇಕು? ಯಾವ ತಿಂಗಳು ಒಳ್ಳೆಯದು? ಫೋಟೋ, ಪದ್ಯ ಹಾಕಿದರೆ ಕಾನೂನಿನ ತಕರಾರು ಬರುತ್ತದಾ?

---

ಹೊಲ ಮನೆ, ಹಾಸನ

ಅಕ್ಕ, ನೇರವಾಗಿ ಹೇಳುತ್ತೇನೆ, ಬೇಜಾರು ಬೇಡ. ಆ ಕಿಟಕಿಯವರು ಹೇಳಿದ ರೀತಿ ತಪ್ಪು, ಆದರೆ ಮಾತಿನಲ್ಲಿ ಅರ್ಧ ನಿಜ ಇದೆ. ನಿಮ್ಮೂರಿಂದ ಬೇಲೂರು 25 ಕಿಲೋಮೀಟರ್. ಆ ತಾಲ್ಲೂಕಿನ ಹಲ್ಮಿಡಿಯಲ್ಲೇ ಕನ್ನಡದ ಹಳೇ ಶಾಸನ ಸಿಕ್ಕಿದ್ದು. ಸುಮಾರು ಕ್ರಿ.ಶ. 450. ನಿಮ್ಮ ಕೆಲ್ಸ್ ಗ್ರಂಥಕ್ಕಿಂತ ಮುನ್ನೂರೈವತ್ತು ವರ್ಷ ಹಿರಿಯಣ್ಣ. ಅದನ್ನು ನೋಡಲು ನಮ್ಮೂರಲ್ಲಿ ಎಷ್ಟು ಜನ ಕ್ಯೂ ನಿಂತಿದ್ದಾರೆ? ಊರಲ್ಲಿ ಈಗ ಇರುವುದು ಪ್ರತಿಕೃತಿ. ನಾನು ಹೋದ ದಿನ ಅಲ್ಲಿ ನಾನೂ ಒಂದು ಆಡೂ ಇದ್ದೆವು. ಮೊದಲು ನಮ್ಮದನ್ನು ತೋರಿಸಿ, ಆಮೇಲೆ ಡಬ್ಲಿನ್.

ನಮ್ಮ ಕಡೆ ಎಲ್ಲವೂ ಹಾಸನಾಂಬೆ ಬಾಗಿಲ ಹಾಗೆ. ವರ್ಷಕ್ಕೆ ಕೆಲವೇ ದಿನ ತೆರೆಯುತ್ತದೆ, ಆಗ ನೂಕುನುಗ್ಗಲು, ಉಳಿದ ದಿನ ಬೀಗ. ಪ್ರದರ್ಶನ ಎಂದರೂ ಜನಕ್ಕೆ ಅದೇ ಅಂದಾಜು.

ಇಷ್ಟು ಬೈದ ಮೇಲೆ ಒಂದು ಮಾತು. ನಾನು ಆಲೂಗಡ್ಡೆ ಬೆಳೆಯುವವನು. ಪಟ್ಟಿಯಲ್ಲಿ ಇತಿಹಾಸ ಎಂದು ಬರೆದಿದ್ದೀರಿ, ಆಲೂಗಡ್ಡೆ ಬಗ್ಗೆ ಒಂದು ಸಾಲೂ ಇಲ್ಲ. ಐರ್ಲೆಂಡ್‌ನಲ್ಲಿ 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಬರ ಬಂದದ್ದು ನಿಮಗೆ ಗೊತ್ತೇ ಇರುತ್ತದೆ. ಏಳು ವರ್ಷದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಆ ರೋಗ ಯಾವುದು ಗೊತ್ತಾ? ನಮ್ಮ ಹೊಲದ ಅಂಗಮಾರಿಯೇ. ಅದೇ ರೋಗಾಣು, ಅದೇ ಲಕ್ಷಣ. ಎಲೆಯ ಅಂಚು ಮೊದಲು ನೀರು ಹೀರಿದ ಹಾಗೆ ಆಗುತ್ತದೆ, ಆಮೇಲೆ ಕಂದು, ತಳಭಾಗದಲ್ಲಿ ಬಿಳಿ ಬೂಷ್ಟು. ಮೋಡ ಮುಚ್ಚಿ ಸೋನೆ ಹಿಡಿದರೆ ನಾಲ್ಕು ದಿನದಲ್ಲಿ ಹೊಲ ಬೆಂದ ಹಾಗೆ ಕಾಣುತ್ತದೆ. ವಾಸನೆ ದೂರದಿಂದಲೇ ಬರುತ್ತದೆ. ನನ್ನ ಎರಡೂವರೆ ಎಕರೆ ಒಂದು ವರ್ಷ ಹಾಗೇ ಹೋಯಿತು. ಜಲಂಧರ್‌ನಿಂದ ಬಂದ ಬಿತ್ತನೆ ಬೀಜದ ಸಾಲ ಮಾತ್ರ ಉಳಿಯಿತು.

ನಮ್ಮ ಕಡೆಯವನು ಯೇಟ್ಸ್ ಪದ್ಯಕ್ಕೆ ನಿಲ್ಲುತ್ತಾನೋ ಇಲ್ಲವೋ, ಆ ಎಲೆಗೆ ನಿಲ್ಲುತ್ತಾನೆ.

---

ಕೊಪ್ಪದ ಮೇಷ್ಟ್ರು

ಹೊಲ ಮನೆಯವರ ಮಾತು ಚೆನ್ನಾಗಿದೆ. ಆದರೆ ನಮ್ಮದು ಮೊದಲು, ಡಬ್ಲಿನ್ ಆಮೇಲೆ ಎಂದು ಗೆರೆ ಎಳೆಯುವುದು ಕಷ್ಟ. ಎರಡೂ ನಮ್ಮ ತಾಲ್ಲೂಕಿನಲ್ಲೇ ಗಂಟು ಬಿದ್ದಿವೆ.

ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರ ಡಿಸೆಂಬರ್ 29ರಂದು. ಕುಪ್ಪಳಿಯ ಹೆಸರು ದೊಡ್ಡದಾಗಿ ಇದನ್ನು ಜನ ಮರೆಯುತ್ತಾರೆ. ತಾಯಿಯ ತವರು ಇಲ್ಲಿ. ಮೈಸೂರಿನಲ್ಲಿ ಓದುವಾಗ ಅವರು ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದರು. 1922ರಲ್ಲಿ ಒಂದು ಪುಟ್ಟ ಪುಸ್ತಕವೂ ಬಂತು. 1924ರಲ್ಲಿ ಮೈಸೂರಿಗೆ ಬಂದಿದ್ದ ಒಬ್ಬ ಕವಿಗೆ ಪದ್ಯ ತೋರಿಸಲು ಹೋದರು. ಆ ಕವಿ, ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂದು ಕೇಳಿದರು. ಹೊಗಳಿಕೆ ಕೇಳಲು ಹೋದ ಹುಡುಗನಿಗೆ ಹೇಗಾಗಿರಬೇಡ! ಆದರೆ ಅಲ್ಲಿಂದಲೇ ಕನ್ನಡದ ಬರವಣಿಗೆಗೆ ಹೊರಳಿದ್ದು. ಕುವೆಂಪು ಆತ್ಮಕಥೆಯಲ್ಲಿ ಇದನ್ನು ಬಿಚ್ಚಿ ಬರೆದಿದ್ದಾರೆ.

ಆ ಕವಿ ಜೇಮ್ಸ್ ಕಸಿನ್ಸ್. ಇಂಗ್ಲಿಷರವರು ಎಂದು ಎಷ್ಟೋ ಜನ ಭಾಷಣದಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ಅಲ್ಲ. ಬೆಲ್‌ಫಾಸ್ಟ್‌ನಲ್ಲಿ 1873ರಲ್ಲಿ ಹುಟ್ಟಿದ ಐರಿಷ್ ಮನುಷ್ಯ. ಡಬ್ಲಿನ್‌ಗೆ ಬಂದು ಯೇಟ್ಸ್ ಕಾಲದ ಆ ಸಾಹಿತ್ಯ ಚಳವಳಿಯಲ್ಲಿ ಇದ್ದವರು, ನಾಟಕ ಬರೆದವರು. ಲೆಕ್ಕದಕ್ಕ, ನೀವು ನೋಡಿದ ಆ ಹುಲ್ಲಿನ ಟೋಪಿ ಜಾತ್ರೆಯ 1904ರ ಜೂನ್ ಇದೆಯಲ್ಲ, ಅದೇ ಜೂನ್‌ನಲ್ಲಿ ಇರಲು ಮನೆಯಿಲ್ಲದ ಜಾಯ್ಸ್ ಕೆಲವು ರಾತ್ರಿ ಮಲಗಿದ್ದು ಸ್ಯಾಂಡಿಮೌಂಟ್‌ನಲ್ಲಿದ್ದ ಇದೇ ಕಸಿನ್ಸ್ ದಂಪತಿಯ ಮನೆಯಲ್ಲಿ. ಅದೇ ವರ್ಷದ ಕೊನೆಗೆ ಹಿರೇಕೊಡಿಗೆಯಲ್ಲಿ ತೊಟ್ಟಿಲು ಕಟ್ಟಿದರು.

ಕಸಿನ್ಸ್ 1915ರಲ್ಲಿ ಆನಿ ಬೆಸೆಂಟ್ ಕರೆದರೆಂದು ಭಾರತಕ್ಕೆ ಬಂದರು, ಅವರ ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದರು. ಮರುವರ್ಷ ಡಬ್ಲಿನ್‌ನಲ್ಲಿ ದಂಗೆ. ಬಂಡಾಯಗಾರರಲ್ಲಿ ಕವಿಗಳೂ ಇದ್ದರು. ಅವರನ್ನು ಮೆಚ್ಚಿ ಬರೆದದ್ದಕ್ಕೆ ಕಸಿನ್ಸ್ ಕೆಲಸ ಹೋಯಿತು. ಅಲ್ಲಿಂದ ಮದನಪಲ್ಲಿಯ ಕಾಲೇಜಿಗೆ. 1919ರಲ್ಲಿ ಟಾಗೋರ್ ಅಲ್ಲಿ ಬಂದು ಉಳಿದಿದ್ದಾಗ ಜನಗಣಮನಕ್ಕೆ ಸ್ವರ ಬರೆದಿಟ್ಟವರು ಕಸಿನ್ಸ್ ಅವರ ಹೆಂಡತಿ ಮಾರ್ಗರೆಟ್. ಗಂಡನಿಗಿಂತ ಒಂದು ಕೈ ಮೇಲು ಆಕೆ. ಇಲ್ಲಿನ ಹೆಂಗಸರ ಮತದಾನದ ಹಕ್ಕಿಗೆ ಓಡಾಡಿದವರು.

ಇನ್ನೂ ಒಂದು ಕೇಳಿ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ ನೋಡಿದ್ದೀರಲ್ಲ? ಅದನ್ನು ರೂಪಿಸುವುದರಲ್ಲೂ ಕಸಿನ್ಸ್ ಕೈ ಇತ್ತು. ಕಿಟಕಿಯವರು ಇನ್ನೊಮ್ಮೆ ಸಿಕ್ಕರೆ ಇದನ್ನು ಹೇಳಿ. ಐರಿಷ್ ಕವಿಯೊಬ್ಬರು ನೂರು ವರ್ಷದ ಹಿಂದೆ ನಮಗೆ ಪ್ರದರ್ಶನ ಕಟ್ಟಿಕೊಟ್ಟಿದ್ದಾರೆ, ಈಗ ನಾವು ಒಂದು ಮೇಜು ಹಾಕುತ್ತಿದ್ದೇವೆ, ಅಷ್ಟೇ.

---

ಲೆಕ್ಕದಕ್ಕ

ಮೇಷ್ಟ್ರೇ, ಓದಿ ಎದ್ದು ಒಂದು ಸುತ್ತು ಅಡುಗೆಮನೆಗೆ ಹೋಗಿ ಬಂದೆ. ಕಸಿನ್ಸ್ ಮಾತು ಕೇಳಿದ್ದೆ, ಅವರು ಇದೇ ಡಬ್ಲಿನ್ ಗುಂಪಿನವರು ಎಂದು ಗೊತ್ತಿರಲಿಲ್ಲ. ಮೂರು ತಿಂಗಳು ಅಲ್ಲಿದ್ದೆ. ಮಗಳ ಮನೆಯಿಂದ ಸ್ಯಾಂಡಿಮೌಂಟ್‌ಗೆ ಒಂದೇ ಬಸ್. ಸಮುದ್ರದ ದಂಡೆ ಚೆನ್ನಾಗಿದೆ ಎಂದು ಮಗುವನ್ನು ಗಾಡಿಯಲ್ಲಿ ಹಾಕಿಕೊಂಡು ಎರಡು ಸಲ ಹೋಗಿಯೂ ಇದ್ದೆ. ಆ ಮನೆ ಯಾವುದೆಂದು ಕೇಳಲಿಲ್ಲ ನೋಡಿ.

ಹೊಲ ಮನೆಯವರೇ, ಬೈದದ್ದಕ್ಕೆ ಬೇಜಾರಿಲ್ಲ. ಆ ಬರದ ಇನ್ನೊಂದು ತುದಿಯನ್ನು ಗ್ರಂಥಾಲಯದಲ್ಲೇ ನೋಡಿದ್ದೆ. ವಂಶ ಹುಡುಕುವವರಿಗೆ ಅಲ್ಲೊಂದು ಮೇಜು ಇದೆ, ಅದೂ ಉಚಿತ. 1922ರ ಅಂತರ್ಯುದ್ಧದಲ್ಲಿ ಅವರ ಸರ್ಕಾರಿ ದಾಖಲೆ ಭಂಡಾರ ಸುಟ್ಟು, ಹಳೇ ಜನಗಣತಿ ಹಾಳೆಗಳು ಬೂದಿಯಾದವು. ಹಾಗಾಗಿ ಚರ್ಚುಗಳ ಹುಟ್ಟು ಮದುವೆ ಪುಸ್ತಕಗಳೇ ಗತಿ. ಅವುಗಳ ಚಿತ್ರಗಳನ್ನು ಗ್ರಂಥಾಲಯ 2015ರಿಂದ ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ನೋಡಲಿ ಎಂದು ಬಿಟ್ಟಿದೆ. ನಾನಿದ್ದಾಗ ಅಮೆರಿಕದಿಂದ ಬಂದ ವಯಸ್ಸಾದ ಗಂಡ ಹೆಂಡತಿ ಪರದೆ ಮುಂದೆ ಕೂತಿದ್ದರು. ಒಂದು ಹೆಸರು ಸಿಕ್ಕಿತು. ಗಂಡ ಕನ್ನಡಕ ತೆಗೆದು ಒರೆಸಿಕೊಂಡ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿಕೊಂಡ. ನನಗೆ ಚಿಕ್ಕಂದಿನಲ್ಲಿ ಅಜ್ಜಿ ಮನೆಗೆ ಎತ್ತಿನ ಮೇಲೆ ಬರುತ್ತಿದ್ದ ಹೆಳವರು ನೆನಪಾದರು. ಜಗುಲಿಯಲ್ಲಿ ಕೂತು ಏಳು ತಲೆಮಾರು ಹೇಳಿ ಕಾಳು ತೆಗೆದುಕೊಂಡು ಹೋಗುತ್ತಿದ್ದರು. ನಮ್ಮದನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ.

---

ಗಾಜಿನ ಪ್ಲೇಟು, ಅರಸೀಕೆರೆ

ಅಪ್ಪನ ಸ್ಟುಡಿಯೋ ಇತ್ತು, ಈಗ ನಾನು ಫ್ರೇಮ್ ಹಾಕುವ ಅಂಗಡಿ ಇಟ್ಟುಕೊಂಡಿದ್ದೇನೆ. ಹಾಗಾಗಿ ಕೆಲಸದ ಮಾತು ಆಡುತ್ತೇನೆ.

ಡಬ್ಲಿನ್‌ನಿಂದ ಏನೂ ತರಿಸಬೇಕಿಲ್ಲ. ಆ ಗ್ರಂಥಾಲಯ 2011ರಿಂದ ಇಂಟರ್‌ನೆಟ್‌ನ ಫ್ಲಿಕರ್ ಕಾಮನ್ಸ್ ಎಂಬ ಫೋಟೋ ತಾಣದಲ್ಲಿ ಹಳೇ ಫೋಟೋ ಹಾಕುತ್ತಿದೆ. ತಮಗೆ ಗೊತ್ತಿರುವ ಮಟ್ಟಿಗೆ ಹಕ್ಕಿನ ತಕರಾರು ಇಲ್ಲದ ಫೋಟೋಗಳನ್ನೇ ಅಲ್ಲಿ ಹಾಕುವುದು. ದೊಡ್ಡ ಅಳತೆಯದನ್ನು ಇಳಿಸಿಕೊಂಡು, ಎ3 ಮ್ಯಾಟ್ ಕಾಗದದಲ್ಲಿ ಪ್ರಿಂಟ್ ಹಾಕಿಸಿ. ಹೊಳೆಯುವ ಕಾಗದ ಬೇಡ, ಟ್ಯೂಬ್‌ಲೈಟ್ ಕೆಳಗೆ ನೋಡುವವರಿಗೆ ತಮ್ಮ ಮುಖವೇ ಕಾಣುತ್ತದೆ. ಹನ್ನೆರಡು ಸಾಕು. ನಿಮ್ಮ ಗೋಡೆಗೆ ಹದಿನೆಂಟು ಹಿಡಿಸುತ್ತದೆ ಎಂದು ಹದಿನೆಂಟು ಹಾಕಬೇಡಿ.

ಅಲ್ಲಿ ಇನ್ನೊಂದು ಮಜಾ ಇದೆ. ಗ್ರಂಥಾಲಯದವರು ಫೋಟೋ ಹಾಕಿ, ಇದು ಯಾವ ಬೀದಿ, ಯಾವ ವರ್ಷ ಎಂದು ಕೇಳುತ್ತಾರೆ. ಕೆಳಗೆ ಜನ ಜಗಳಕ್ಕೇ ಬೀಳುತ್ತಾರೆ. ಟ್ರಾಮ್ ಕಂಬ ಇದೆ, ಆದ್ದರಿಂದ ಈ ವರ್ಷದ ನಂತರ. ಆ ಅಂಗಡಿಯ ಬೋರ್ಡ್ ಇದೆ, ಆದ್ದರಿಂದ ಆ ವರ್ಷದ ಒಳಗೆ. ಹೀಗೆ ಎಷ್ಟೋ ಫೋಟೋಗಳ ತಾರೀಕನ್ನು ಓದುಗರೇ ಹಿಡಿದುಕೊಟ್ಟಿದ್ದಾರೆ. ನೀವೂ ಒಂದು ಗೋಡೆ ಹಾಗೆ ಮಾಡಿ. ಊರಿನವರ ಮನೆಯ ಹಳೇ ಫೋಟೋ ಆರು ಕೇಳಿ ತನ್ನಿ, ಕೆಳಗೆ ಖಾಲಿ ಹಾಳೆ ಮತ್ತು ಪೆನ್ಸಿಲ್ ಕಟ್ಟಿ. ಎಂ.ಜಿ. ರಸ್ತೆಯ ಒಂದು ಹಳೇ ಫೋಟೋ ಸಿಕ್ಕರೂ ಸಾಕು, ಪೇಪರ್ ಓದಲು ಬರುವ ನಿಮ್ಮ ಹಿರಿಯರು ಅಲ್ಲೇ ಠಾಣೆ ಹಾಕುತ್ತಾರೆ. ಮೂಲ ಫೋಟೋ ಮಾತ್ರ ಗೋಡೆಗೆ ಹಚ್ಚಬೇಡಿ. 600 ಡಿಪಿಐಗೆ ಸ್ಕ್ಯಾನ್ ಮಾಡಿ, ಅವತ್ತೇ ಮನೆಯವರಿಗೆ ವಾಪಸ್ ಕೊಡಿ. ನಿಮ್ಮ ಮಲೆನಾಡಿನ ತೇವಕ್ಕೆ ಫೋಟೋ ಮೇಲೆ ಬೂಷ್ಟು ಹಿಡಿಯಲು ಒಂದು ಮಳೆಗಾಲ ಸಾಕು. ಅಪ್ಪನ ಗಾಜಿನ ಪ್ಲೇಟುಗಳು ನನ್ನ ಹತ್ತಿರ ಹದಿನೇಳು ಇವೆ. ನೂರಕ್ಕೂ ಜಾಸ್ತಿ ಇದ್ದವು. ಉಳಿದವನ್ನು ನಮ್ಮ ಮನೆಯವರೇ ತೊಳೆದು ಕಿಟಕಿಗೆ ಹಾಕಿಕೊಂಡರು. ಲಾರೆನ್ಸ್ ಸ್ಟುಡಿಯೋಗೆ ಬೆಂಕಿ ಬೇಕಾಯಿತು, ನಮಗೆ ಸೋಪಿನ ಪುಡಿ ಸಾಕಾಯಿತು.

ಹಕ್ಕಿನ ವಿಷಯ: ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷ. ಯೇಟ್ಸ್ 1939ರಲ್ಲಿ, ಜಾಯ್ಸ್ 1941ರಲ್ಲಿ ಹೋದವರು, ಧಾರಾಳವಾಗಿ ಹಾಕಿ. ಹೀನಿ 2013, ಕುವೆಂಪು 1994. ಇವರ ಇಡೀ ಪದ್ಯ ಗೋಡೆಗೆ ಬೇಡ. ಪುಸ್ತಕವನ್ನೇ ಮೇಜಿನ ಮೇಲಿಡಿ, ಬಂದವರು ತೆಗೆದು ಓದಲಿ. ಹೊಸ ಕನ್ನಡ ಅನುವಾದ ಇದ್ದರೆ ಅನುವಾದಕರ ಹಕ್ಕು ಬೇರೆ, ಅದನ್ನು ಮರೆಯಬೇಡಿ.

---

ಸಕಲೇಶಪುರದ ಹುಡುಗ, ಸದ್ಯ ಡಬ್ಲಿನ್

ಆಂಟಿ, ನೀವು ಎರಡು ಜಾಗ ಬಿಟ್ಟಿದ್ದೀರಿ. ಡಬ್ಲಿನ್ ಕ್ಯಾಸಲ್ ಆವರಣದಲ್ಲಿ ಚೆಸ್ಟರ್ ಬೀಟಿ ಎಂಬ ಮ್ಯೂಸಿಯಂ ಇದೆ, ಉಚಿತ. ನಮ್ಮ ಮೊಘಲರ ಕಾಲದ ಚಿತ್ರಗಳು ಅಲ್ಲಿವೆ. ಇನ್ನೊಂದು ಮಾರ್ಷ್ ಲೈಬ್ರರಿ, 1707ರ ಕಾಲದ್ದು. ಅಲ್ಲಿ ಪುಸ್ತಕ ಕದಿಯಬಾರದೆಂದು ಓದುವವರನ್ನೇ ಜಾಲರಿ ಪಂಜರದೊಳಗೆ ಕೂರಿಸಿ ಬೀಗ ಹಾಕುತ್ತಿದ್ದರಂತೆ. ಪಂಜರ ಈಗಲೂ ಇದೆ. ಪರೀಕ್ಷೆ ಹೊತ್ತಿಗೆ ನನಗೂ ಒಂದು ಬೇಕು.

2025ರಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದ ವಾರ ಇಲ್ಲಿನ ಪುಸ್ತಕದಂಗಡಿಯ ಕಿಟಕಿಯಲ್ಲಿ ಅವರ ಪುಸ್ತಕ ನೋಡಿದೆ. ಪಕ್ಕದಲ್ಲಿ ನಿಂತಿದ್ದ ಅಜ್ಜಿಗೆ, ಇದು ನಮ್ಮೂರು ಎಂದೆ. ಎಷ್ಟು ದೂರ ಎಂದು ಕೇಳಿದರು. ಸಕಲೇಶಪುರದಿಂದ ಹಾಸನಕ್ಕೆ 40 ಕಿಲೋಮೀಟರ್ ಎಂದೆ. ಅವರು ಕೇಳಿದ್ದು ಅದಲ್ಲ ಎಂದು ಆಮೇಲೆ ಹೊಳೆಯಿತು.

ಸ್ಯಾಂಡಿಮೌಂಟ್‌ನ ಆ ಮನೆಯ ಫೋಟೋ ಬೇಕಾದರೆ ಭಾನುವಾರ ಹೋಗಿ ತೆಗೆದು ಕಳಿಸುತ್ತೇನೆ.

---

ಕೊಪ್ಪದ ಮೇಷ್ಟ್ರು

ತಾರೀಕಿನ ಮಾತು ಯಾರೂ ಆಡಲಿಲ್ಲ. ಮಾರ್ಚ್ 17 ಅವರ ಸೇಂಟ್ ಪ್ಯಾಟ್ರಿಕ್ ಹಬ್ಬ, ನಮ್ಮ ಮಕ್ಕಳಿಗೆ ಪರೀಕ್ಷೆ. ಜೂನ್ 16 ಜಾಯ್ಸ್ ದಿನ, ಮಳೆ ಹಿಡಿದಿರುತ್ತದೆ, ಛತ್ರಿ ಇಡಲೂ ನಿಮ್ಮ ಕೋಣೆಯಲ್ಲಿ ಜಾಗ ಇಲ್ಲ. ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನ ಸರಿಹೊಂದುತ್ತದೆ, ಆದರೆ ಕಾಫಿ ಕುಯ್ಲು. ತೋಟದವರು, ಆಳುಕಾಳು ಯಾರೂ ಬರುವುದಿಲ್ಲ. ಸೆಪ್ಟೆಂಬರ್ 8 ತೇಜಸ್ವಿ ಹುಟ್ಟಿದ ದಿನ. ಮಳೆ ಸ್ವಲ್ಪ ಬಿಟ್ಟಿರುತ್ತದೆ. ಅಪ್ಪನಿಗೆ ಕನ್ನಡ ನೆನಪಿಸಿದ ಕವಿಯ ಕಥೆ ಮಗನ ದಿನ ಹೇಳಿದರೆ ತಪ್ಪೇನಿಲ್ಲ. ಮೂಡಿಗೆರೆಯ ತೋಟದಲ್ಲಿ ಕೂತು ಹಕ್ಕಿ ಫೋಟೋ ತೆಗೆದ ಮನುಷ್ಯ, ಫೋಟೋ ಪ್ರದರ್ಶನ ಎಂದರೆ ಬೇಡ ಅನ್ನುತ್ತಿರಲಿಲ್ಲ.

---

ಲೆಕ್ಕದಕ್ಕ

ಸೆಪ್ಟೆಂಬರ್ 8 ಖಾಯಂ. ಮರುದಿನವೂ ಇರುತ್ತದೆ. ಬೆಳಿಗ್ಗೆ 10ರಿಂದ ಸಂಜೆ 6, ಮಧ್ಯಾಹ್ನ ಬಾಗಿಲು ಹಾಕುವುದಿಲ್ಲ.

ನಮ್ಮ ಆರು ಜನರ ಸಭೆ ಆಯಿತು. ಇಬ್ಬರಿಗೆ ಆಲೂಗಡ್ಡೆ ಎಲೆ ಇಷ್ಟವಿಲ್ಲ, ವಾಚನಾಲಯಕ್ಕೆ ರೋಗ ತರುತ್ತೀರಾ ಎಂದರು. ನಾಲ್ಕು ಮತಕ್ಕೆ ಎರಡು, ಎಲೆ ಗೆದ್ದಿತು. ಬಾಗಿಲ ಎದುರಿಗೇ ಅದು. ಬಲಗಡೆ ಗೋಡೆಗೆ ಡಬ್ಲಿನ್ ಫೋಟೋ ಹನ್ನೆರಡು, ಹೆಚ್ಚಿಲ್ಲ. ಎಡಗಡೆ ನಮ್ಮೂರ ಆರು ಫೋಟೋ, ಪೆನ್ಸಿಲ್ ಸಮೇತ. ಮೇಜಿನ ಮೇಲೆ ಕಸಿನ್ಸ್ ಕಥೆ, ಒಂದು ಕಡೆ ಸ್ಯಾಂಡಿಮೌಂಟ್ ಮನೆ, ಇನ್ನೊಂದು ಕಡೆ ಹಿರೇಕೊಡಿಗೆ. ಯೇಟ್ಸ್ ಪದ್ಯವನ್ನು ನಮ್ಮ ಗುಂಪಿನ ರಿಟೈರ್ಡ್ ಟೀಚರ್ ಕನ್ನಡಕ್ಕೆ ಮಾಡಿದ್ದಾರೆ. ಹುರುಳಿ ಹಾಕಲೋ ಅವರೆ ಹಾಕಲೋ ಎಂದು ನಾಲ್ಕು ದಿನದಿಂದ ಕೂತಿದ್ದಾರೆ. ಆ ಹೊಡೆದು ಹಾಕಿದ ಹಾಳೆಗಳನ್ನೂ ಎಸೆಯಬೇಡಿ ಎಂದು ಇಸ್ಕೊಂಡು ಇಟ್ಟಿದ್ದೇನೆ, ಅವೂ ಗಾಜಿನ ಕೆಳಗೆ ಹೋಗುತ್ತವೆ. ಟೀಚರ್‌ಗೆ ಇದಿನ್ನೂ ಗೊತ್ತಿಲ್ಲ.

ಖರ್ಚಿನ ಅಂದಾಜು: ಪ್ರಿಂಟ್ 2,900, ಸುತ್ತಲ ರಟ್ಟು ಮತ್ತು ದಾರ 850, ಎರಡು ದೀಪ 1,200, ಕಾಫಿ ಬಿಸ್ಕತ್ತು 1,500. ಉಳಿಯುವುದು 1,550. ಕುರ್ಚಿ ಕಾಲು ರಿಪೇರಿ ಅದರಲ್ಲೇ.

ಹೊಲ ಮನೆಯವರೇ, ಸೆಪ್ಟೆಂಬರ್ ಹೊತ್ತಿಗೆ ನಿಮ್ಮ ಕಡೆ ಆಲೂಗಡ್ಡೆ ಕಿತ್ತಾಗಿರುತ್ತದೆ ಅಲ್ವಾ? ಎಲೆ ಎಲ್ಲಿಂದ ತರುವುದು?

---

ಹೊಲ ಮನೆ, ಹಾಸನ

ಈಗಲೇ ಪಕ್ಕದ ಹೊಲದಲ್ಲಿ ಶುರುವಾಗಿದೆ ಅಕ್ಕ. ನಮ್ಮದರಲ್ಲಿ ಔಷಧಿ ಹೊಡೆದಿದ್ದೇನೆ, ದೇವರು ದೊಡ್ಡವನು. ನಾಳೆ ನಾಲ್ಕು ಎಲೆ ಕಿತ್ತು ಹಳೇ ಪೇಪರ್ ನಡುವೆ ಒತ್ತಿಡುತ್ತೇನೆ. ತರುವುದು ಹೇಗೆ ಎಂಬುದೇ ಯೋಚನೆ. ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿದರೆ ಬೆವರಿ ಕೊಳೆಯುತ್ತದೆ. ಬಿಚ್ಚಿ ಇಟ್ಟರೆ ನಿಮ್ಮ ಆ ಇಬ್ಬರು ಮೇಡಂ ನನ್ನನ್ನು ಒಳಗೆ ಬಿಡುವುದಿಲ್ಲ.

---

ಗಾಜಿನ ಪ್ಲೇಟು, ಅರಸೀಕೆರೆ

ಚೆನ್ನಾಗಿ ಒಣಗಿಸಿ, ಪೇಪರ್ ಎರಡು ದಿನಕ್ಕೊಮ್ಮೆ ಬದಲಾಯಿಸಿ. ಕಿಟಕಿಯಿಂದ ಬಿಚ್ಚಿದ ಅಪ್ಪನ ಪ್ಲೇಟುಗಳು ಎರಡು ಬರೀ ಗಾಜಾಗಿ ಬಿದ್ದಿವೆ, ಅಳತೆ ಎಲೆಗೆ ಸರಿಹೋಗುತ್ತದೆ. ನಡುವೆ ಎಲೆ ಇಟ್ಟು ಸುತ್ತ ಟೇಪು ಹಾಕಿಬಿಡೋಣ. ಹಾಸನಕ್ಕೆ ಬುಧವಾರ ಬರುತ್ತೇನೆ, ಗಾಜು ನಾನು ತರುತ್ತೇನೆ.